ಮುಪ್ಪೂ ಪೋಷಣೆಯೂ

ವಯಸ್ಸಾದ ಮೇಲೆ ದೇಹ ಸೊರಗುವುದು ಪ್ರಕೃತಿಧರ್ಮವೆಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, 1117ರಲ್ಲಿ ಪ್ರತಿಷ್ಠಾಪಿತವಾದ ಬೇಲೂರಿನ ಚೆನ್ನಕೇಶವಾಲಯದಲ್ಲಿ ಮದನಿಕೆಯ ಕೈಬಳೆಯ ಕುಸುರಿಯನ್ನು ಕತ್ತೆತ್ತಿ ನೋಡಿ ಬೆರಗಾಗುವವರೂ, ಮನೆಯ ಅಜ್ಜಿಯ ಬಳೆ ಮಣಿಕಟ್ಟಿನಿಂದ ಮೊಣಕೈಯವರೆಗೆ ಜಾರುತ್ತಿರುವುದನ್ನು ಗಮನಿಸುವುದಿಲ್ಲ. ಅದನ್ನು ಮುಪ್ಪೆಂದು ಬಿಟ್ಟುಬಿಡುವುದು ತಪ್ಪು. ಅದು ಅಪೌಷ್ಟಿಕತೆಯ ಸೂಚನೆಯಾಗಿರಬಹುದು.

ಪ್ರಯತ್ನಪೂರ್ವಕವಾಗಿ ಇಳಿಸದೆಯೇ 6 ತಿಂಗಳೊಳಗೆ ತೂಕವು ನೂರಕ್ಕೆ 5ಕ್ಕಿಂತ ಹೆಚ್ಚಾಗಿ ತಗ್ಗಿದರೆ, ಎಂದರೆ 60 ಕಿಲೋ ಇದ್ದವರು 57ಕ್ಕಿಂತ ಕೆಳಗಿಳಿದರೆ, ವೈದ್ಯರು ಅದನ್ನು ಗಂಭೀರವಾಗಿಯೇ ಎಣಿಸುತ್ತಾರೆ. ತೂಕದ ಯಂತ್ರವಿಲ್ಲದ ಮನೆಯಲ್ಲಿ ದರ್ಜಿಯ ಟೇಪು ಸಾಕು: ಮೀನಖಂಡದ ಅತಿ ದಪ್ಪನಾದ ಭಾಗದ ಸುತ್ತಳತೆ 31 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಸ್ನಾಯು ಕರಗಿದೆಯೆಂದು ಸಂಶಯಿಸಬೇಕು, ಕಾಲು ಊದಿಕೊಂಡಿದ್ದರೆ ಮಾತ್ರ ಈ ಅಳತೆಯನ್ನು ನಂಬಲಾಗದು. ತುಟಿಯಂಚು ಬಿರಿಯುವುದು, ನಾಲಗೆ ಕೆಂಪಾಗಿ ನುಣುಪಾಗುವುದು, ಸಣ್ಣ ಗಾಯವೂ ವಾರಗಟ್ಟಲೆ ಮಾಯದಿರುವುದು, ಕುಳಿತಲ್ಲಿಂದೇಳಲು ಕೈಯೂರಬೇಕಾಗುವುದು, ಇವೂ ಅದೇ ಕಥೆಯನ್ನು ಹೇಳಬಹುದು. ಸ್ಥೂಲಕಾಯರಿಗೆ ಈ ಭಯವಿಲ್ಲವೆಂದು ತಿಳಿಯಬಾರದು. ಕೊಬ್ಬಿನ ಮರೆಯಲ್ಲಿಯೂ ಸ್ನಾಯು ಕ್ಷಯಿಸುವುದುಂಟು.

ಅರಸೀಕೆರೆ, ಹಳೇಬೀಡುಗಳ ಕಡೆ ರಾಗಿಮುದ್ದೆ ನಿತ್ಯದ ಅನ್ನ. ಸುಣ್ಣದಂಶದಲ್ಲಿ ರಾಗಿಗೆ ಸಮನಾದ ಧಾನ್ಯ ಮತ್ತೊಂದಿಲ್ಲ. ಆದರೆ 100 ಗ್ರಾಂ ರಾಗಿಯಲ್ಲಿರುವ ಪ್ರೋಟೀನು ಸುಮಾರು 7 ಗ್ರಾಂ ಮಾತ್ರ, ಆ ಕೊರತೆಯನ್ನು ತುಂಬುವುದು ಸಾರಿನಲ್ಲಿಯ ಅವರೆ, ಹುರುಳಿ, ಹೆಸರು. ಮುದ್ದೆಯನ್ನು ಅಗಿಯದೆ ನುಂಗುವುದು ವಾಡಿಕೆಯಾದುದರಿಂದ ಹಲ್ಲು ಬಿದ್ದವರಿಗೂ ಅದು ಸಲೀಸಾಗಿ ಇಳಿಯುತ್ತದೆ, ಕಾಳು ಮಾತ್ರ ತಟ್ಟೆಯಂಚಿನಲ್ಲಿ ಉಳಿಯುತ್ತದೆ. ಹೊಟ್ಟೆ ತುಂಬಿತೆಂದು ಹಿರಿಯರು ಹೇಳುವುದು ಸುಳ್ಳಲ್ಲ. ಆದರೆ ಮೈಗೆ ಬೇಕಾದುದು ಒಳಗೆ ಹೋಗಿರುವುದಿಲ್ಲ. ಆದಕಾರಣ ಎಷ್ಟು ಉಂಡರೆಂದು ಕೇಳುವುದಕ್ಕಿಂತ ತಟ್ಟೆಯಲ್ಲಿ ಏನುಳಿಯಿತೆಂದು ನೋಡುವುದೇ ಸರಿಯಾದ ಪರೀಕ್ಷೆಯೆಂದು ನಾನು ತಿಳಿಯುತ್ತೇನೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಒಬ್ಬರೇ ಉಳಿದವರು ಒಂದು ಹೊತ್ತು ಬೇಯಿಸಿ ಮೂರು ಹೊತ್ತು ಉಣ್ಣುವ ಮನೆಗಳಲ್ಲಂತೂ ಆ ತಟ್ಟೆಯನ್ನು ನೋಡುವವರೇ ಇರುವುದಿಲ್ಲ.

ಕಾಳನ್ನು ಮೆತ್ತಗೆ ಬೇಯಿಸಿ ಮಸೆದ ಮಸ್ಸೊಪ್ಪು, ಗಟ್ಟಿ ಮೊಸರು, ತಿನ್ನುವವರಿಗೆ ಮೊಟ್ಟೆ, ಇವು ಹಲ್ಲಿಲ್ಲದ ಬಾಯಿಗೂ ಒಗ್ಗುತ್ತವೆ. ಮೂತ್ರಪಿಂಡದ ಕಾಯಿಲೆಯುಳ್ಳವರು ಪ್ರೋಟೀನು ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು. ಉಂಡರೂ ತೂಕ ಇಳಿಯುತ್ತಿದ್ದರೆ ಮಧುಮೇಹ, ಕ್ಷಯ, ಥೈರಾಯಿಡ್ ವಿಕಾರ, ಅರ್ಬುದ, ಮನಸ್ಸಿನ ಖಿನ್ನತೆ ಇವುಗಳಲ್ಲಿ ಯಾವುದಾದರೂ ಒಳಗಿರಬಹುದಾದುದರಿಂದ ಆಸ್ಪತ್ರೆಗೆ ಕರೆದೊಯ್ಯಲು ತಡಮಾಡಬಾರದು. ಹೋಗುವಾಗ ಸೇವಿಸುತ್ತಿರುವ ಮಾತ್ರೆಗಳನ್ನೆಲ್ಲ ಜೊತೆಗೆ ಒಯ್ಯಬೇಕು, ಏಕೆಂದರೆ ಹಸಿವನ್ನೂ ನಾಲಗೆಯ ರುಚಿಯನ್ನೂ ಕುಂದಿಸುವ ಮಾತ್ರೆಗಳೂ ಅವುಗಳಲ್ಲಿರಬಹುದು.