ನೀರಿನಡಿಯ ಊರನ್ನು ನಕ್ಷೆಯಲ್ಲಿ ಹುಡುಕೋಣ

ಜೋಗಕ್ಕೆ ಹೋದವರೆಲ್ಲ ಶರಾವತಿ ಧುಮ್ಮಿಕ್ಕುವುದನ್ನು ನೋಡುತ್ತಾರೆ. ಅಲ್ಲಿಂದ ಸ್ವಲ್ಪ ಮೇಲೆ, ಲಿಂಗನಮಕ್ಕಿ ಜಲಾಶಯದ ಅಡಿಯಲ್ಲಿ ಊರುಗಳಿವೆ ಎಂಬುದು ನಿಮಗೆ ಗೊತ್ತೇ? 1964ರಲ್ಲಿ ಅಣೆಕಟ್ಟು ಪೂರ್ಣಗೊಂಡು ಗದ್ದೆ, ಅಡಿಕೆ ತೋಟ, ಮನೆಗಳೆಲ್ಲ ಮುಳುಗಿದವು. ಜನ ಊರು ಬಿಟ್ಟು ಬೇರೆಡೆ ನೆಲೆಸಬೇಕಾಯಿತು.

ಆ ಊರುಗಳನ್ನು ಈಗ ನೋಡುವುದು ಹೇಗೆ? ಹಳೆಯ ಟೋಪೋಶೀಟ್ ಸಿಕ್ಕರೆ ಸಾಧ್ಯ. ಇದು ಭಾರತೀಯ ಸರ್ವೇಕ್ಷಣಾ ಇಲಾಖೆ ತಯಾರಿಸುವ ನಕ್ಷೆ. ಹಳೆಯದರಲ್ಲಿ ನೆಲದ ಒಂದು ಮೈಲಿ ಕಾಗದದ ಮೇಲೆ ಒಂದು ಅಂಗುಲ. ಬಣ್ಣದ ನಕ್ಷೆಯಲ್ಲಿ ಹಳದಿ ಎಂದರೆ ಸಾಗುವಳಿ ಭೂಮಿ, ಹಸಿರು ಕಾಡು, ನೀಲಿ ನೀರು. ಪುಟ್ಟ ಕೆಂಪು ಚೌಕಗಳು ಮನೆಗಳು. ಮಲೆನಾಡಿನಲ್ಲಿ ಹಳದಿ ಬಣ್ಣ ಬಯಲುಸೀಮೆಯಂತೆ ಅಗಲವಾಗಿ ಹರಡಿರುವುದಿಲ್ಲ. ಗುಡ್ಡಗಳ ನಡುವೆ, ಹಳ್ಳದ ಜೊತೆಜೊತೆಗೇ ಸಾಗುತ್ತದೆ. ನೀರೂ ಒಳ್ಳೆಯ ಮಣ್ಣೂ ಇರುವುದು ಕಣಿವೆಯಲ್ಲಿ ತಾನೇ? ಹಾಗಾಗಿ ಕಣಿವೆಗೆ ನೀರು ತುಂಬಿದಾಗ ಮೊದಲು ಮುಳುಗಿದ್ದು ಅನ್ನ ಕೊಡುವ ನೆಲವೇ.

ಇನ್ನು ಕಂದು ಗೆರೆಗಳನ್ನು ನೋಡಿ. ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಸ್ಥಳಗಳನ್ನು ಸೇರಿಸುವ ಇವು ಸಮೋನ್ನತಿ ರೇಖೆಗಳು. ನಿಂತ ನೀರಿನ ಅಂಚು ಎಲ್ಲ ಕಡೆಯೂ ಒಂದೇ ಎತ್ತರದಲ್ಲಿರುತ್ತದೆ. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ 1819 ಅಡಿ. ನಕ್ಷೆಯ ಮೇಲೆ ತೆಳು ಕಾಗದವಿಟ್ಟು, ಅಣೆಕಟ್ಟಿನ ಜಾಗದಿಂದ ಹೊರಟು 1800 ಅಡಿಯ ರೇಖೆಯನ್ನು ಪೆನ್ಸಿಲಿನಿಂದ ತಿದ್ದಿ. ಬೆರಳು ಚಾಚಿದ ಅಂಗೈಯಂತೆ ಜಲಾಶಯ ಮೂಡುತ್ತದೆ! ನಿಜವಾದ ಜಲಾಶಯ ಇದಕ್ಕಿಂತ ಸ್ವಲ್ಪ ದೊಡ್ಡದು. ಗೆರೆಯೊಳಗಿನ ಕೆಂಪು ಚೌಕಗಳನ್ನು ಎಣಿಸಿ. ಮುಳುಗಿದ ಕಾಲುದಾರಿ ಯಾವ ಊರಿಂದ ಯಾವ ಊರಿಗೆ ಹೋಗುತ್ತಿತ್ತು, ಹುಡುಕಿ. ಗೆರೆಯೊಳಗೆ ಎತ್ತರದ ಗುಡ್ಡಗಳು ಕಂಡರೆ ಅವೇ ಇಂದಿನ ನಡುಗಡ್ಡೆಗಳು.

ಮುಳುಗಿದ್ದು ಊರುಗಳಷ್ಟೇ ಅಲ್ಲ, ಒಂದು ಅಣೆಕಟ್ಟೂ ಹೌದು. ಜೋಗದ ವಿದ್ಯುತ್ ಕೇಂದ್ರಕ್ಕಾಗಿ 1940ರ ದಶಕದಲ್ಲಿ ಮಡೆನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಅದು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಮೇಲೆ ಕಾಣಿಸುತ್ತದೆ.

ಆದರೆ ಕೆಂಪು ಚೌಕದೊಳಗೆ ಯಾರಿದ್ದರು, ಅವರು ಎಲ್ಲಿಗೆ ಹೋದರು ಎಂಬುದು ನಕ್ಷೆಯಲ್ಲಿಲ್ಲ. ಹೋದ ಕಡೆ ಉಳುತ್ತಿರುವ ಜಮೀನಿಗೆ ಹಕ್ಕುಪತ್ರ ಸಿಗದೆ ಅಲೆಯುತ್ತಿರುವ ಕುಟುಂಬಗಳು ಇಂದಿಗೂ ಇವೆ. ನಿಮ್ಮೂರಿನಲ್ಲಿ ಮುಳುಗಡೆಯಿಂದ ಬಂದ ಅಜ್ಜ ಅಜ್ಜಿಯರಿದ್ದರೆ ನಕ್ಷೆಯನ್ನು ಅವರ ಮುಂದೆ ಬಿಡಿಸಿ. ತಮ್ಮ ಮನೆ, ದೇವಸ್ಥಾನ, ನೀರು ಸೇದುತ್ತಿದ್ದ ಬಾವಿ ಎಲ್ಲಿದ್ದವೆಂದು ಬೆರಳಿಟ್ಟು ತೋರಿಸಲು ಕೇಳಿ. ಅವರು ಹೇಳಿದ ಹೆಸರುಗಳನ್ನು ನಿಮ್ಮ ತೆಳು ಕಾಗದದ ಮೇಲೆ ಅಲ್ಲಲ್ಲೇ ಬರೆಯಿರಿ.