ಹಿಮವಿಲ್ಲದ ದಡದ ಪೆಂಗ್ವಿನ್

ಪೆಂಗ್ವಿನ್ ಚಿತ್ರ ಬಿಡಿಸಿ ಎಂದರೆ ಮಕ್ಕಳು ಮೊದಲು ಹಿಮ ಬಿಡಿಸುತ್ತಾರೆ. ಪಕ್ಕದಲ್ಲಿ ಹಿಮಕರಡಿ ನಿಲ್ಲಿಸುವವರೂ ಉಂಟು (ಅದಿರುವುದು ಉತ್ತರ ಧ್ರುವದ ಕಡೆ, ಎರಡೂ ಎಂದೂ ಭೇಟಿಯಾಗಿಲ್ಲ). ಹಾಗಾಗಿ ಕರಾವಳಿಯ ಶಾಲೆಯೊಂದರ ಎಂಟನೇ ತರಗತಿಯಲ್ಲಿ ‘ಹೊಂದಾಣಿಕೆ’ ಪಾಠಕ್ಕೆ ನಾನು ಬೇಕೆಂದೇ ಆಫ್ರಿಕನ್ ಪೆಂಗ್ವಿನ್ ಆರಿಸಿಕೊಂಡೆ. ಅದು ವಾಸಿಸುವುದು ನಮೀಬಿಯಾ ಮತ್ತು ದಕ್ಷಿಣ ಆಫ್ರಿಕಾದ ಕಡಲಂಚಿನಲ್ಲಿ.

ಕೇಪ್‌ಟೌನ್ ಬಳಿಯ ಸೈಮನ್ಸ್‌ಟೌನ್‌ನಲ್ಲಿ ಬೌಲ್ಡರ್ಸ್ ಎಂಬ ತೀರವಿದೆ. 1980ರ ದಶಕದ ಆರಂಭದಲ್ಲಿ ಬೆರಳೆಣಿಕೆಯ ಜೋಡಿಗಳು ಅಲ್ಲಿ ನೆಲೆಸಿದವು. ಈಗ ಅವನ್ನು ನೋಡಲು ದೇಶವಿದೇಶಗಳ ಜನ ಹೋಗುತ್ತಾರೆ. ನಾನು ಹೋಗಿಲ್ಲ, ತರಗತಿಗೆ ತೋರಿಸಿದ್ದು ವಿಡಿಯೋ. ಪೆಂಗ್ವಿನ್ ನಮ್ಮ ಮುಂಬಯಿಯ ಬೈಕುಲ್ಲಾ ಮೃಗಾಲಯದಲ್ಲೂ ಇದೆಯಲ್ಲ, ಅಷ್ಟು ದೂರ ಯಾಕೆ ಹೋಗುತ್ತಾರೆ ಎಂದು ಮಕ್ಕಳನ್ನು ಕೇಳಿದೆ. “ಮುದ್ದಾಗಿದೆ” ಎಂಬ ಉತ್ತರ ಬಂತು. ಎರಡು ಕಾಲಲ್ಲಿ ನೆಟ್ಟಗೆ ನಿಂತು ಕೋಟು ತೊಟ್ಟವರಂತೆ ನಡೆಯುವ ಹಕ್ಕಿ ಯಾರಿಗೆ ಮುದ್ದಲ್ಲ! ಆದರೆ ಗಾಜಿನ ಹಿಂದಿನ ಪೆಂಗ್ವಿನ್‌ಗೆ ಊಟ ಬಕೆಟ್‌ನಲ್ಲಿ ಬರುತ್ತದೆ. ದಡದಲ್ಲಿ ನಿಂತು ನೋಡುವವರಿಗೆ ಕಾಣುವುದು ಅದರ ದುಡಿಮೆ, ಅದರ ಸಂಸಾರ.

ಮರಳಿನಲ್ಲಿ ತಡವರಿಸುವ ಹಕ್ಕಿ ನೀರಿಗಿಳಿದರೆ ಬಾಣ. ರೆಕ್ಕೆ ಅಲ್ಲಿ ಹುಟ್ಟಾಗುತ್ತದೆ. ಹಾರುವ ಹಕ್ಕಿಗಳದರಂತೆ ಟೊಳ್ಳಾಗಿರದೆ ಮೂಳೆ ಗಟ್ಟಿಯಾಗಿರುವುದರಿಂದ ಮುಳುಗುವುದು ಸುಲಭ. ಕಣ್ಣಿನ ಮೇಲಿನ ಗುಲಾಬಿ ಚರ್ಮಕ್ಕೆ ಬಿಸಿಲೇರಿದಂತೆ ಹೆಚ್ಚು ರಕ್ತ ಹರಿದು, ದೇಹದ ಶಾಖ ಹೊರಹೋಗುತ್ತದೆ. ಒಂದು ಗೂಡು ಕಾಯುವಾಗ ಇನ್ನೊಂದು ಮೀನಿಗೆ ಹೋಗುತ್ತದೆ. ಹಿಂದಿರುಗಿದಾಗ ಜೋಡಿಯ ಗುರುತು ಹಿಡಿಯುವುದು ದನಿಯಿಂದ. ಆ ದನಿ ಥೇಟ್ ಕತ್ತೆಯದು. ಅದನ್ನು ಕೇಳಿಸಿದಾಗ ತರಗತಿಯನ್ನು ಹತೋಟಿಗೆ ತರಲು ನನಗೆ ಐದು ನಿಮಿಷ ಬೇಕಾಯಿತು. ವರ್ಷಕ್ಕೊಮ್ಮೆ ಪುಕ್ಕವೆಲ್ಲ ಒಟ್ಟಿಗೆ ಉದುರುತ್ತದೆ. ಹೊಸದು ಬರುವ ತನಕ, ಸುಮಾರು ಮೂರು ವಾರ, ನೀರಿಗಿಳಿಯುವಂತಿಲ್ಲ. ಅಷ್ಟು ದಿನವೂ ಉಪವಾಸ.

ಈ ಪ್ರಭೇದವನ್ನು 2024ರಲ್ಲಿ ‘ತೀವ್ರ ಅಳಿವಿನಂಚಿನ’ ಪಟ್ಟಿಗೆ ಸೇರಿಸಲಾಯಿತು. ಮರಿಮಾಡುವ ಜೋಡಿಗಳು 10,000ಕ್ಕೂ ಕಡಿಮೆ. ಹಿಂದೆ ಅವು ಬಿಲ ತೋಡುತ್ತಿದ್ದ ಹಿಕ್ಕೆಯ ದಪ್ಪ ಪದರವನ್ನು ಜನ ಗೊಬ್ಬರಕ್ಕೆಂದು ಕೆರೆದೊಯ್ದರು. ಮೊಟ್ಟೆಗಳು ಬಿಸಿಲಿಗೆ ಬಿದ್ದವು. ಈಗ ಕೃತಕ ಗೂಡುಗಳನ್ನು ಇಡುತ್ತಿದ್ದಾರೆ. ದೊಡ್ಡ ಕೊರತೆ ಆಹಾರದ್ದು, ಅಂದರೆ ಸಾರ್ಡೀನ್ ಮತ್ತು ಆಂಚೊವಿ ಮೀನುಗಳದ್ದು. ಸಾರ್ಡೀನ್ ಎಂದರೆ ನಮ್ಮ ಬೂತಾಯಿಯ ಬಳಗ ಎಂದೆ. ಅಲ್ಲಿಗೆ ಪಾಠ ನನ್ನ ಪಾಠ ಯೋಜನೆಯಿಂದ ಹೊರಗೆ ನಡೆಯಿತು.

ಮೀನುಗಾರರ ಮನೆಯ ಹುಡುಗನೊಬ್ಬ ಎದ್ದು, “ಮೀನು ಅವರಿಗೂ ಬೇಕಲ್ಲ ಟೀಚರ್?” ಎಂದ. ಬೇಕು. 2025ರ ಮಾರ್ಚ್‌ನಲ್ಲಿ ಅಲ್ಲಿನ ನ್ಯಾಯಾಲಯದಲ್ಲಿ ಮೀನುಗಾರಿಕಾ ಉದ್ಯಮವೂ ಪಕ್ಷಿ ಸಂರಕ್ಷಕರೂ ಒಂದು ಒಪ್ಪಂದಕ್ಕೆ ಬಂದರು. ಆರು ಮುಖ್ಯ ನೆಲೆಗಳ ಸುತ್ತ ಗೊತ್ತುಪಡಿಸಿದ ಜಾಗದಲ್ಲಿ ಹತ್ತು ವರ್ಷ ಈ ಎರಡು ಮೀನುಗಳಿಗೆ ಬಲೆ ಬೀಸುವಂತಿಲ್ಲ. ಉಳಿದ ಕಡಲಿನಲ್ಲಿ ಮೀನುಗಾರಿಕೆ ನಡೆಯುತ್ತದೆ. ಕಪ್ಪುಹಲಗೆಯ ಮೇಲೆ ದ್ವೀಪ ಬರೆದು ಸುತ್ತ ಗೆರೆ ಎಳೆದೆ. “ದೋಣಿ ದೂರ ಹೋಗಬಹುದು. ಪೆಂಗ್ವಿನ್ ಯಾಕೆ ಹೋಗುವಂತಿಲ್ಲ?” ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗಿ ಹೇಳಿದಳು: “ಗೂಡಲ್ಲಿ ಮರಿ ಕಾಯ್ತಾ ಇರ್ತದೆ.”