ಪರದೆ ಉಬ್ಬಿತು, ಹಾಲು ಉಕ್ಕಿತು



ಕಳೆದ ತಿಂಗಳು ತರಗತಿ ಮುಗಿಯುವ ಹೊತ್ತಿಗೆ ಹುಡುಗಿಯೊಬ್ಬಳು ಇಂಗ್ಲಿಷ್ ಕಥೆ ಪುಸ್ತಕ ಹಿಡಿದು ನನ್ನ ಹತ್ತಿರ ಬಂದಳು. "ಮಿಸ್, ಬಿಲೋಯಿಂಗ್ ಅನ್ನೋದಕ್ಕೆ ಕನ್ನಡದಲ್ಲಿ ಏನಂತಾರೆ? ಅಪ್ಪನ್ನ ಕೇಳಿದೆ, ಕನ್ನಡದಲ್ಲಿ ಅದಕ್ಕೆ ಪದಾನೇ ಇಲ್ಲ ಅಂದ್ರು."

ನನಗೂ ತಟ್ಟನೆ ಹೊಳೆಯಲಿಲ್ಲ. "ಅಲೆಯಂತೆ ಏಳುವ" ಎಂದೇನೋ ಹೇಳಿದೆ. ಅವಳಿಗೆ ಸಮಾಧಾನವಾಗಲಿಲ್ಲ. ಆಮೇಲೆ ಕೇಳಿದೆ: "ಕಥೆಯಲ್ಲಿ ಬಿಲೋ ಆಗ್ತಿರೋದು ಏನಮ್ಮಾ?"

"ಕಿಟಕಿ ಕರ್ಟನ್."

"ಹಾಗಾದ್ರೆ ಪರದೆ ಗಾಳಿಗೆ ಉಬ್ಬುತ್ತಿದೆ ಅನ್ನು."

"ಉಬ್ಬೋದು ಅಂದ್ರೆ ಪೂರಿ ಥರಾನಾ?" ಎಂದಳು. ತರಗತಿಯೆಲ್ಲ ನಕ್ಕಿತು. ಆದರೆ ಆ ಪ್ರಶ್ನೆ ಒಳ್ಳೆಯ ಪ್ರಶ್ನೆ. ಬನ್ನಿ, ಈ ಪದವನ್ನು ಸ್ವಲ್ಪ ಬಿಡಿಸಿ ನೋಡೋಣ.

'ಬಿಲೋ' ಎಂದರೆ ಮೊದಲಿಗೆ ಸಮುದ್ರದ ದೊಡ್ಡ ಅಲೆ. 16ನೇ ಶತಮಾನದಲ್ಲಿ ಇಂಗ್ಲಿಷಿನಲ್ಲಿ ಕಾಣಿಸಿಕೊಂಡ ಈ ಪದ, ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು. ಆಮೇಲೆ ಅದು ಕ್ರಿಯಾಪದವೂ ಆಯಿತು. ಅಲೆಯ ಹಾಗೆ ತುಂಬಿಕೊಂಡು, ಹರಡಿಕೊಂಡು, ಏಳುತ್ತಾ ಬೀಳುತ್ತಾ ಸಾಗುವುದೆಲ್ಲ 'ಬಿಲೋಯಿಂಗ್'. ಹೊಟ್ಟೆಗೆ ಇಂಗ್ಲಿಷಿನಲ್ಲಿರುವ 'ಬೆಲಿ', ಕಮ್ಮಾರನ ತಿದಿಗೆ ಇರುವ 'ಬೆಲೋಸ್' ಕೂಡ ಇದರ ನೆಂಟರೇ. ಮೂರಕ್ಕೂ ಮೂಲ ಒಂದೇ, 'ಉಬ್ಬು' ಎಂಬ ಅರ್ಥದ ಹಳೆಯ ಧಾತು. ಗಾಳಿ ತುಂಬಿದಾಗ ತಿದಿ ಹೊಟ್ಟೆಯಂತೆ ಉಬ್ಬುವುದನ್ನು ನೆನೆಸಿಕೊಂಡರೆ ಈ ನೆಂಟಸ್ತನ ಮರೆಯುವುದಿಲ್ಲ.

ಇಂಗ್ಲಿಷಿನಲ್ಲಿ ಇದನ್ನು ಎಲ್ಲಿ ಬಳಸಬೇಕು? ಹಡಗಿನ ಹಾಯಿ, ಕಿಟಕಿಯ ಪರದೆ, ಅಗಲವಾದ ಲಂಗ, ದಟ್ಟ ಹೊಗೆ, ಮೋಡ ಇವಕ್ಕೆಲ್ಲ ಒಪ್ಪುತ್ತದೆ. ಗಾಳಿಯೂ ಬೇಕು, ಚಲನೆಯೂ ಬೇಕು. ಸಣ್ಣ ಬಾವುಟ ಪಟಪಟ ಬಡಿದುಕೊಂಡರೆ ಅದು ಬಿಲೋಯಿಂಗ್ ಅಲ್ಲ, 'ಫ್ಲಟರಿಂಗ್'. ಬಿದ್ದು ಊದಿಕೊಂಡ ಮೊಣಕಾಲಿಗೆ 'ಸ್ವೆಲಿಂಗ್'. ನಮ್ಮ ಪೂರಿಗೆ 'ಪಫ್' ಸರಿಹೋಗುತ್ತದೆ. ಪೂರಿ ಬಿಲೋ ಆಯಿತು ಎಂದು ಶಾಲೆಯಲ್ಲಿ ಬರೆದೀರಿ, ಜೋಕೆ!

ಈಗ ಕನ್ನಡಕ್ಕೆ ಬನ್ನಿ. ನಾವು ಒಂದೇ ಪದವನ್ನು ಹುಡುಕುತ್ತೇವೆ. ಕನ್ನಡವೋ, ಏನು ಉಬ್ಬುತ್ತಿದೆ, ಹೇಗೆ ಉಬ್ಬುತ್ತಿದೆ ಎಂದು ಮೊದಲು ಕೇಳುತ್ತದೆ.

ಹಾಯಿ ಗಾಳಿ ತುಂಬಿ ಉಬ್ಬುತ್ತದೆ.
ಹೊಗೆ ಸುರುಳಿ ಸುರುಳಿಯಾಗಿ ಮೇಲೇಳುತ್ತದೆ.
ಅಲೆ ಉಕ್ಕಿ ಬರುತ್ತದೆ. ಹಾಲು ಬುಸ್ಸನೆ ಉಕ್ಕುತ್ತದೆ.
ಪೆಟ್ಟು ಬಿದ್ದ ಕಾಲು ಊದಿಕೊಳ್ಳುತ್ತದೆ.
ಬಹುಮಾನ ಗೆದ್ದವನು ಹೆಮ್ಮೆಯಿಂದ ಬೀಗುತ್ತಾನೆ.

ಉಬ್ಬು, ಉಕ್ಕು, ಊದು, ಬೀಗು. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿ ನೋಡಿ. ಹಾಲು ಊದಿತು, ಕಾಲು ಉಕ್ಕಿತು ಎಂದರೆ ಅಜ್ಜಿ ನಗದೆ ಇರುತ್ತಾರೆಯೇ? 'ಉಬ್ಬು' ಎಂಬ ಪುಟ್ಟ ಪದದ ಸಂಸಾರವೂ ದೊಡ್ಡದು. ಸಮುದ್ರದ ನೀರು ಏರಿದರೆ ಉಬ್ಬರ, ಗೋಡೆಯ ಕಲ್ಲಿನಲ್ಲಿ ಎದ್ದು ಕಾಣುವಂತೆ ಕೆತ್ತಿದ್ದು ಉಬ್ಬುಶಿಲ್ಪ, ಯಾರನ್ನಾದರೂ ಅತಿಯಾಗಿ ಹೊಗಳಿದರೆ ಉಬ್ಬಿಸುವುದು.

ಪೋಷಕರಿಗೊಂದು ಮಾತು. "ಕನ್ನಡದಲ್ಲಿ ಅದಕ್ಕೆ ಪದ ಇಲ್ಲ" ಎಂದು ನಾವೆಲ್ಲ ಒಂದಲ್ಲ ಒಂದು ಸಲ ಹೇಳಿದ್ದೇವೆ, ನಾನೂ ಹೇಳಿದ್ದೇನೆ. ಅಡುಗೆಯ ಗಡಿಬಿಡಿಯಲ್ಲೋ, ಕಾರು ಓಡಿಸುವಾಗಲೋ ಬಾಯಿಗೆ ಬರುವ ಮಾತು ಅದು. ನಾವು ಅಲ್ಲಿಗೇ ಮರೆತುಬಿಡುತ್ತೇವೆ, ಮಗು ಮರೆಯುವುದಿಲ್ಲ. ಹತ್ತು ಸಲ ಕೇಳಿಸಿಕೊಂಡ ಮೇಲೆ, ಕನ್ನಡ ಇರುವುದು ಊಟಕ್ಕೆ ಕರೆಯುವುದಕ್ಕೆ ಮಾತ್ರ, ಕಥೆ ಹೇಳುವುದಕ್ಕಲ್ಲ ಎಂದು ಅದು ತೀರ್ಮಾನಿಸಿಬಿಡುತ್ತದೆ. ಆಮೇಲೆ ಕೇಳುವುದನ್ನೇ ನಿಲ್ಲಿಸುತ್ತದೆ. ಕೆಲವು ಪದಗಳು ನಿಜವಾಗಿಯೂ ನಮ್ಮಲ್ಲಿ ಇಲ್ಲದಿರಬಹುದು. ಆದರೆ ಹೆಚ್ಚಿನ ಸಲ ಪದ ಇಲ್ಲದಿರುವುದು ಭಾಷೆಯಲ್ಲಲ್ಲ, ಆ ಕ್ಷಣದ ನಮ್ಮ ನೆನಪಿನಲ್ಲಿ. "ಗೊತ್ತಿಲ್ಲ ಪುಟ್ಟಾ, ಅಜ್ಜಿಗೆ ಫೋನ್ ಮಾಡಿ ಕೇಳೋಣ" ಎಂದರೆ ಸಾಕು. ಫೋನಿನಲ್ಲಿ "ಚೆನ್ನಾಗಿದೀಯಾ? ಊಟ ಆಯ್ತಾ?" ಆದ ಮೇಲೆ ಏನು ಮಾತಾಡುವುದೆಂದು ತಿಳಿಯದ ಮೊಮ್ಮಕ್ಕಳಿಗೆ ಮಾತಿಗೊಂದು ನೆಪವೂ ಸಿಗುತ್ತದೆ.

ಮಕ್ಕಳೇ, ಈ ತಿಂಗಳ ಮನೆಗೆಲಸ ಇಲ್ಲಿದೆ. ಕಿಟಕಿ ತೆರೆದು ಪರದೆ ನೋಡಿ. ಅಮ್ಮನೋ ಅಪ್ಪನೋ ಹಾಲು ಕಾಯಿಸುವಾಗ ಪಕ್ಕದಲ್ಲಿ ನಿಂತು ನೋಡಿ. ಆಕಾಶದ ಮೋಡ ನೋಡಿ. ಕಂಡದ್ದನ್ನು ಮೂರು ವಾಕ್ಯಗಳಲ್ಲಿ ಬರೆಯಿರಿ, ಮೂರರಲ್ಲೂ ಬೇರೆ ಬೇರೆ ಕ್ರಿಯಾಪದ ಇರಲಿ. ಸಿಗದಿದ್ದರೆ ಅಜ್ಜಿ, ತಾತನನ್ನು ಕೇಳಿ. ಮುಂದಿನ ತರಗತಿಯಲ್ಲಿ ಎಲ್ಲರೂ ಓದೋಣ.

ಅಂದ ಹಾಗೆ, ಆ ಹುಡುಗಿ ಮರುವಾರ ತನ್ನ ವಾಕ್ಯ ತಂದಿದ್ದಳು: "ಗಾಳಿ ಬಂತು, ಪರದೆ ಪೂರಿಯ ಹಾಗೆ ಉಬ್ಬಿತು." ನಾನು ಒಂದಕ್ಷರವನ್ನೂ ತಿದ್ದಲಿಲ್ಲ.